ವಿಯೆಂಟಿಯಾನ್‌ನ ಉಗ್ರಾಣ ಮತ್ತು ನಮ್ಮ ರಿಪೇರಿ ಅಂಕಲ್

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅಡಿಲೇಡಿನಿಂದ ಫೋನ್ ಬರುತ್ತದೆ, ಮತ್ತು ಆ ಫೋನಿನಲ್ಲಿ ನಾನು ಕೇಳಬೇಕಾಗುವ ಮಾತುಗಳು ಅಚ್ಚಿನಲ್ಲಿ ಬರುವಂಥವಲ್ಲ. ಹೋದ ವರ್ಷ ಅವರು ಪರ್ತ್ ಬಿಟ್ಟು ಮಗಳ ಮನೆಗೆ ಹೊರಟಾಗ ನಮ್ಮ ಕನ್ನಡ ಸಂಘ ಬೀಳ್ಕೊಡುಗೆಯೊಂದನ್ನು ಏರ್ಪಡಿಸಲು ಮುಂದಾಯಿತು. "ಶಾಲು ಹೊದಿಸ್ತೀರೇನ್ರೀ? ಹೊರಗೆ ನಲವತ್ತು ಡಿಗ್ರಿ ಐತೆ. ಸಾಯಿಸ್ಬೇಕಂತ ಮಾಡೀರೇನು?" ಎಂದು ಸಂಘದ ಕಾರ್ಯದರ್ಶಿಯನ್ನು ಗದರಿ ಅವರು ಫೋನ್ ಇಟ್ಟುಬಿಟ್ಟರು. ಆ ಕಾರ್ಯದರ್ಶಿ ನಾನೇ. ಬೀಳ್ಕೊಡುಗೆ ನಡೆಯಲಿಲ್ಲ. ಅಂದು ಹೇಳಲು ಸಾಧ್ಯವಾಗದ್ದನ್ನು ಇಂದು ಸಾವಧಾನವಾಗಿ ಬರೆಯುತ್ತಿದ್ದೇನೆ.

ಪರ್ತಿನ ನಮ್ಮ ಬಡಾವಣೆ ಪಿಯಾರಾ ವಾಟರ್ಸ್‌ನ ಕನ್ನಡದ ಮಕ್ಕಳೆಲ್ಲ ಅವರನ್ನು ರಿಪೇರಿ ಅಂಕಲ್ ಎಂದೇ ಕರೆಯುತ್ತಿದ್ದರು. ಕ್ರಮೇಣ ದೊಡ್ಡವರೂ ಹಾಗೆಯೇ ಕರೆಯತೊಡಗಿದೆವು. ಮೂಲ ಹರಿಹರ. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿ, ಕೆಲವು ವರ್ಷ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಯಂತ್ರಗಳನ್ನು ನೋಡಿಕೊಂಡು, ಅದೇ ಕೆಲಸದ ಮೇಲೆ ಪರ್ತಿಗೆ ಬಂದು, ಇಲ್ಲಿಯ ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ನಿವೃತ್ತಿಯವರೆಗೆ ದುಡಿದವರು. ರೋಗಿಯ ಮಗ್ಗುಲಲ್ಲಿ ಮಿಣುಕುವ, ಬೀಪ್ ಎನ್ನುವ ಪ್ರತಿಯೊಂದು ಯಂತ್ರವೂ ಕೆಟ್ಟಾಗ ಕೆಳಗಿಳಿದು ಬರುತ್ತಿದ್ದುದು ಅವರ ಮೇಜಿಗೆ. ನಮ್ಮ ಸಂಘದಲ್ಲಿ ವೈದ್ಯರು ಬಹಳ. ಸಮಾರಂಭಗಳಲ್ಲಿ ಮುಂದಿನ ಸಾಲು ಯಾರೂ ಹೇಳದೆಯೇ ಅವರದಾಗುತ್ತಿತ್ತು. ಅಂಕಲ್ ಬಾಗಿಲ ಪಕ್ಕದಲ್ಲಿ, ಧ್ವನಿವರ್ಧಕದ ಪೆಟ್ಟಿಗೆಯ ಬಳಿ ಕುರ್ಚಿ ಹಾಕಿಕೊಳ್ಳುತ್ತಿದ್ದರು. "ಡಾಕ್ಟ್ರು ಮುಂದೆ, ಮೆಕ್ಯಾನಿಕ್ ಹಿಂದೆ. ಆಸ್ಪತ್ರೆಯಾಗೂ ಹಂಗೇ ಅಲ್ವೇನ್ರೀ, ನಾವು ಕೆಳಗೆ, ನೀವು ಮೇಲೆ" ಎಂದು ಒಮ್ಮೆ ಹೃದಯತಜ್ಞರಾದ ನಮ್ಮ ಅಧ್ಯಕ್ಷರಿಗೇ ಹೇಳಿದ್ದರು. ಹೇಳುವಾಗ ನಗುತ್ತಿದ್ದರು, ಆ ನಗು ಮಾತ್ರ ಅಧ್ಯಕ್ಷರಿಗೆ ಇಷ್ಟವಾಗಲಿಲ್ಲ.

ಶನಿವಾರ ಬೆಳಿಗ್ಗೆ ಅವರ ಗ್ಯಾರೇಜಿನ ಬಾಗಿಲು ಮೇಲೇಳುತ್ತಿತ್ತು. ಊರಿನಿಂದ ತಂದ ಮಿಕ್ಸಿ, ದೋಸೆ ಹಿಟ್ಟಿನ ಗ್ರೈಂಡರ್, ಇಡ್ಲಿ ಕುಕ್ಕರ್, ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಅವರದು ಒಂದೇ ಷರತ್ತು: ವಸ್ತುವನ್ನು ಇಟ್ಟು ಹೋಗುವ ಹಾಗಿಲ್ಲ, ಯಜಮಾನರು ಜೊತೆಯಲ್ಲಿ ಕುಳಿತು ಬಿಚ್ಚಬೇಕು. ನಾನು ಮೊದಲ ಸಲ ನಮ್ಮ ಗ್ರೈಂಡರನ್ನು ಹೊತ್ತುಕೊಂಡು ಹೋಗಿ, "ಅಂಕಲ್, ಇಲ್ಲಿಟ್ಟಿರ್ತೀನಿ, ಮಧ್ಯಾಹ್ನ ಬಂದು ತಗೊಂಡು ಹೋಗ್ತೀನಿ" ಎಂದೆ.

"ಏನು, ಮಗೂನ ಚೈಲ್ಡ್‌ಕೇರ್‌ಗೆ ಬಿಟ್ಟಂಗೆ ಬಿಟ್ಟು ಹೋಗ್ತೀರಾ? ಕುಂದ್ರಿ."

"ಇಲ್ಲ ಅಂಕಲ್, ನಂಗೆ ಒಂದು ಮೀಟಿಂಗ್..."

"ಶನಿವಾರ ಎಂಥಾ ಮೀಟಿಂಗ್ರೀ? ಕುಂದ್ರಿ. ಸ್ಕ್ರೂ ಹಿಡ್ಕೋರಿ. ಬಿದ್ರೆ ನೀವೇ ಹುಡುಕ್ಬೇಕು."

ಎರಡು ಗಂಟೆ ಕುಳಿತೆ. ಬೆಲ್ಟ್ ಸವೆದಿತ್ತು. ಅದನ್ನು ಬದಲಿಸಲು ಹತ್ತು ನಿಮಿಷ ಸಾಕಿತ್ತು. ಉಳಿದ ಸಮಯವೆಲ್ಲ ನಾನು ತಪ್ಪಾಗಿ ಜೋಡಿಸುವುದರಲ್ಲಿ, ಅವರು ನೋಡುತ್ತಾ ಸುಮ್ಮನಿರುವುದರಲ್ಲಿ ಕಳೆಯಿತು. ಕೊನೆಗೆ ಕಲ್ಲು ತಿರುಗಿದಾಗ ನನಗಾದ ಸಂತೋಷಕ್ಕೆ ಅವರಿಂದ ಮೆಚ್ಚುಗೆ ಸಿಗಬಹುದೆಂದು ಅವರ ಮುಖ ನೋಡಿದೆ. "ಚಹಾ ಕುಡೀತೀರಾ?" ಎಂದರು, ಅಷ್ಟೆ. ಹೊಗಳುವುದೆಂದರೆ ಅವರಿಗೆ ಬಾಯಿಗೆ ಬಾರದ ಭಾಷೆ.

ನಾನು ಮೈಸೂರಿನಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಮಾತನಾಡಿದವನು. ಪರ ವಿರೋಧ ಯಾವ ಪಕ್ಷ ಕೊಟ್ಟರೂ ನಿಂತು ಗೆದ್ದವನು. ಪರ್ತ್ ಸಿಟಿಯ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದರೂ ಜಗತ್ತನ್ನು ಒಂದಿಷ್ಟು ಸರಿಪಡಿಸಬಹುದೆಂಬ ಕಾಲೇಜಿನ ನಂಬಿಕೆಯನ್ನು ಬಿಟ್ಟವನಲ್ಲ, ಈಗಲೂ ಬಿಟ್ಟಿಲ್ಲ. ಇದು ಗೊತ್ತಾದಂದಿನಿಂದ ಅಂಕಲ್ ನನ್ನನ್ನು "ವಕೀಲ್ರೇ" ಎಂದು ಕರೆಯತೊಡಗಿದರು. ನಾನು ವಕೀಲನಲ್ಲವೆಂದು ಎಷ್ಟು ಸಲ ಹೇಳಿದರೂ, "ವಾದ ಮಾಡೋರೆಲ್ಲಾ ವಕೀಲ್ರೇ ಬಿಡ್ರಿ" ಎನ್ನುತ್ತಿದ್ದರು.

ಪ್ರತಿ ವರ್ಷ ಎಲ್ಲರ ರಜೆಯ ಹೊತ್ತಿಗೆ ಅವರು ಒಂದು ತಿಂಗಳು ಮಾಯವಾಗುತ್ತಿದ್ದರು. ಬೇರೆಯವರು ಬೆಂಗಳೂರಿಗೋ ಬಾಲಿಗೋ ಹೋದರೆ ಇವರು ಹೋಗುತ್ತಿದ್ದುದು ಲಾವೋಸ್ ದೇಶದ ರಾಜಧಾನಿ ವಿಯೆಂಟಿಯಾನ್‌ಗೆ. ಆ ನಗರದ ಅಂಚಿನ ಸಣ್ಣ ಆಸ್ಪತ್ರೆಯೊಂದರಲ್ಲಿ ಕೆಟ್ಟ ಯಂತ್ರಗಳನ್ನು ಸರಿಮಾಡಿ ಬರುತ್ತಿದ್ದರು. ಯಾರ ಪರವಾಗಿಯೂ ಅಲ್ಲ, ಯಾರಿಗೂ ಹೇಳಿಯೂ ಅಲ್ಲ. ಈ ವಿಷಯ ನನಗೆ ತಿಳಿದದ್ದು ಅವರ ಪತ್ನಿಯಿಂದ. "ಬೇರೆ ಗಂಡಸರು ರಿಟೈರ್ ಆದ್ಮೇಲೆ ಗಾಲ್ಫ್ ಆಡ್ತಾರೆ. ನಮ್ಮ ಮನೆಯೋರು ಇನ್ನೊಂದು ಆಸ್ಪತ್ರೆ ಹುಡುಕ್ಕೊಂಡವ್ರೆ" ಎಂದು ಆಂಟಿ ಒಮ್ಮೆ ದೂರಿದ್ದರು.

ಸಂಘದ ಸೇವಾಕಾರ್ಯಕ್ಕೆ ಒಂದು ದಾರಿ ಹುಡುಕುತ್ತಿದ್ದ ನನಗೆ ಇದು ವರವಾಗಿ ಕಂಡಿತು. ಆ ಹೊತ್ತಿಗೆ ಪರ್ತಿನ ಖಾಸಗಿ ಚಿಕಿತ್ಸಾಲಯವೊಂದು ತನ್ನ ಹಳೆಯ ಔಷಧಿ ಪಂಪುಗಳನ್ನು ಬದಲಿಸುತ್ತಿತ್ತು. ಔಷಧಿಯನ್ನು ಅಳತೆಯಂತೆ ತೊಟ್ಟುತೊಟ್ಟಾಗಿ ರಕ್ತನಾಳಕ್ಕೆ ಬಿಡುವ ಯಂತ್ರಗಳವು. ಹದಿನಾಲ್ಕು ಪಂಪುಗಳನ್ನು ನಾನು ಕೇಳಿ ಪಡೆದೆ. ಸಂಘದ ಸಭೆಯಲ್ಲಿ, ಕರುಣೆಗೆ ಗಡಿಗಳಿಲ್ಲವೆಂಬ ವಿಷಯವಾಗಿ, ಈಗಲೂ ಕೆಟ್ಟದ್ದಲ್ಲವೆಂದು ನಾನು ಭಾವಿಸುವ ಭಾಷಣವೊಂದನ್ನು ಮಾಡಿದೆ. ಬಾಗಿಲ ಬಳಿಯಿಂದ ಅಂಕಲ್ ಎದ್ದು ನಿಂತು ಕೇಳಿದರು: "ಆ ಪಂಪಿಗೆ ಆ ಕಂಪನಿ ನಳಿಕೇನೇ ಬೇಕು. ಒಬ್ಬ ರೋಗಿಗೆ ಒಂದು ಹೊಸಾ ನಳಿಕೆ. ಅಲ್ಲಿ ಎಲ್ಲಿಂದ ತರ್ತಾರೆ?"

ನಾನು ಮೂರು ಅಂಶಗಳಲ್ಲಿ ಉತ್ತರಿಸಿದೆ. ಮೊದಲನೆಯದಾಗಿ, ನೂರಾರು ನಳಿಕೆಗಳನ್ನು ನಾವೇ ಜೊತೆಗೆ ಕಳಿಸುತ್ತಿದ್ದೇವೆ. ಎರಡನೆಯದಾಗಿ, ಸಣ್ಣ ತೊಡಕಿಗೆ ಹೆದರಿ ದೊಡ್ಡ ಕೆಲಸವನ್ನು ಬಿಡಬಾರದು. ಮೂರನೆಯದಾಗಿ, ಅಗತ್ಯ ಬಿದ್ದಾಗ ದಾರಿ ತಾನಾಗಿ ತೆರೆಯುತ್ತದೆ. ಚಪ್ಪಾಳೆ ಬಿತ್ತು. ಅಂಕಲ್ ಕುಳಿತು ಧ್ವನಿವರ್ಧಕದ ಗುಂಡಿ ತಿರುಗಿಸಿದರು. ಕೇಳಿದಾಗ ಆಸ್ಪತ್ರೆಯ ವಿಳಾಸವನ್ನೂ ಕೊಟ್ಟರು, ಕೊಡದಿದ್ದರೆ ನಾನು ಬೇರೆಲ್ಲಿಗೋ ಕಳಿಸುತ್ತಿದ್ದೆನೆಂದು ಅವರಿಗೆ ಗೊತ್ತಿತ್ತು. ಪ್ರತಿ ಪಂಪಿನ ಮೇಲೂ "ಪರ್ತ್ ಕನ್ನಡಿಗರ ಪ್ರೀತಿಯ ಕೊಡುಗೆ" ಎಂಬ ಚೀಟಿ ಅಂಟಿಸಿ ಕಳಿಸಿದೆವು.

ಒಂದು ವರ್ಷದ ನಂತರ ಇನ್ನೂ ಹೆಚ್ಚು ಪಂಪುಗಳು ಸಿಕ್ಕವು. ಎರಡನೆಯ ಕಂತು ನನ್ನ ಗ್ಯಾರೇಜಿನಲ್ಲಿ ಪೆಟ್ಟಿಗೆಗಳಾಗಿ ಕುಳಿತಿತ್ತು. ಆಗ ಅಂಕಲ್ ಒಂದು ದಿನ ಕ್ಯಾನಿಂಗ್ಟನ್‌ನ ಮಾಲ್‌ನಲ್ಲಿ ನನ್ನನ್ನು ತಡೆದು ನಿಲ್ಲಿಸಿ, "ವಕೀಲ್ರೇ, ಈ ಸಲ ನನ್ನ ಜೊತಿ ಬರ್ರಿ. ಕಳಿಸೋಕೆ ಮುಂಚೆ ಒಂದು ಸಲ ಕಣ್ಣಾಗೆ ನೋಡ್ರಿ" ಎಂದರು. ಅವರು ಯಾರನ್ನೂ ಎಲ್ಲಿಗೂ ಕರೆದವರಲ್ಲ. ನಾನು ರಜೆ ಹಾಕಿದೆ.

ಬ್ಯಾಂಕಾಕಿನಲ್ಲಿ ವಿಮಾನ ಬದಲಿಸಿ ವಿಯೆಂಟಿಯಾನ್‌ಗೆ ಇಳಿದಾಗ ನನಗೆ ಮೊದಲು ಅನ್ನಿಸಿದ್ದು, ನಾವು ರಾಜಧಾನಿಗೆ ಬಂದಿಲ್ಲ, ಯಾವುದೋ ತಾಲ್ಲೂಕು ಕೇಂದ್ರಕ್ಕೆ ಬಂದಿದ್ದೇವೆ ಎಂದು. ಅಗಲವಾದ ರಸ್ತೆಯಲ್ಲಿ ಸ್ಕೂಟರುಗಳು ಒಂದರ ಹಿಂದೊಂದು ಅವಸರವಿಲ್ಲದೆ ಹೋಗುತ್ತಿದ್ದವು. ಹಳೆಯ ಫ್ರೆಂಚ್ ಬಂಗಲೆಗಳ ಸುಣ್ಣ ಉದುರಿತ್ತು. ಅವುಗಳ ಅಂಗಳದಲ್ಲಿ ದೇವಕಣಗಿಲೆಯ ಹೂಗಳು ನೆಲ ತುಂಬಿ ಬಿದ್ದಿದ್ದವು. ಬೇಸಿಗೆಯ ಮೆಕಾಂಗ್ ನದಿ ಬಹುದೂರ ಹಿಂದೆ ಸರಿದು, ಮಧ್ಯದಲ್ಲಿ ಮರಳ ದಿಬ್ಬ ಎದ್ದಿತ್ತು, ಆಚೆಗೆ ಥಾಯ್ಲೆಂಡ್. ಬೆಳಿಗ್ಗೆ ಬರಿಗಾಲಿನ ಭಿಕ್ಷುಗಳು ಸಾಲಾಗಿ ಬಂದಾಗ ಮನೆಗಳ ಮುಂದೆ ಹೆಂಗಸರು ಮಂಡಿಯೂರಿ, ಬಿದಿರಿನ ಬುಟ್ಟಿಯಿಂದ ಅಂಟಂಟಾದ ಅನ್ನದ ಉಂಡೆಗಳನ್ನು ಭಿಕ್ಷಾಪಾತ್ರೆಗೆ ಹಾಕುತ್ತಿದ್ದರು. ಯಾರೂ ಯಾರಿಗೂ ಏನೂ ಹೇಳುತ್ತಿರಲಿಲ್ಲ.

"ಎಷ್ಟು ಸುಮ್ಮನಿದೆಯಲ್ಲ ಅಂಕಲ್ ಈ ಊರು. ಇಲ್ಲಿ ಸರ್ಕಾರ ನಡೀತಿದೆಯಾ?" ಎಂದೆ.

"ರಾಜಧಾನಿ ಅಂದ್ರೆ ಗದ್ದಲ ಮಾಡ್ಬೇಕು ಅಂತ ಯಾರು ಹೇಳಿದ್ರು ನಿಮಗೆ? ಇಲ್ಲಿ ಹಾರ್ನ್ ಹೊಡದ್ರೆ ಬೈದಂಗೆ. ಇಲ್ಲ ಅನ್ನೋದೂ ಬೈದಂಗೆ. ಅದನ್ನ ಮೊದ್ಲು ತಿಳ್ಕೋರಿ."

ಆ ಮಾತಿನ ಎರಡನೆಯ ಭಾಗವನ್ನು ನಾನು ಲಕ್ಷಿಸಲಿಲ್ಲ.

ಆ ಊರಿನಲ್ಲಿ ಅವರ ನಡೆಯೇ ಬೇರೆ. ಪಿಯಾರಾ ವಾಟರ್ಸ್‌ನಲ್ಲಿ ಗದರುವ ಮನುಷ್ಯ ಅಲ್ಲಿ ಮೆಲ್ಲಗೆ ಮಾತಾಡುತ್ತಿದ್ದರು. ಆಟೋದವನಿಗೂ ಎರಡು ಕೈ ಜೋಡಿಸುತ್ತಿದ್ದರು. ಶುಕ್ರವಾರ ಮಧ್ಯಾಹ್ನ ಊರ ನಡುವಿನ ಕಾರಂಜಿಯ ಹಿಂದಿನ ಓಣಿಯ ಸಣ್ಣ ಮಸೀದಿಗೆ ನಡೆದು ಹೋಗಿ ನಮಾಜು ಮುಗಿಸಿ, ಬರುವಾಗ ಅಲ್ಲಿಯ ಬ್ರೆಡ್ಡಿನಲ್ಲಿ ಮೊಟ್ಟೆ ಇಡಿಸಿಕೊಂಡು ನನಗೂ ಒಂದು ತರುತ್ತಿದ್ದರು. ಚೀಲದಲ್ಲಿ ಹರಿಹರದ ಖಾರ ಮಂಡಕ್ಕಿ ಸದಾ ಇರುತ್ತಿತ್ತು. ಅದು ಅವರಿಗಲ್ಲ, ಮಣಿವನ್‌ಗೆ.

ಮಣಿವನ್ ಆ ಆಸ್ಪತ್ರೆಯ ದೀಪ, ಫ್ಯಾನು, ಯಂತ್ರ ಎಲ್ಲವನ್ನೂ ಒಬ್ಬಳೇ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು. ವಯಸ್ಸು ಮೂವತ್ತೈದರ ಆಸುಪಾಸು. ಅಂಕಲ್‌ರನ್ನು ಆಕೆ "ಆಚಾನ್" ಎಂದು ಕರೆಯುತ್ತಿದ್ದಳು, ಗುರು ಎಂಬ ಅರ್ಥದಲ್ಲಿ. ಅವಳು ಅರ್ಧ ಇಂಗ್ಲಿಷ್, ಅವರು ಕಾಲು ಲಾವೋ, ಮಿಕ್ಕಿದ್ದಕ್ಕೆ ಇಬ್ಬರಿಗೂ ಕೈಸನ್ನೆ.

ಮೊದಲ ದಿನ ಆಸ್ಪತ್ರೆಯವರು ನನ್ನನ್ನು ವಿಧಿವತ್ತಾಗಿ ಸ್ವಾಗತಿಸಿದರು. ನಿರ್ದೇಶಕರು ನನ್ನ ಮಣಿಕಟ್ಟಿಗೆ ಬಿಳಿಯ ದಾರ ಕಟ್ಟಿ ಶುಭ ಕೋರಿದರು. ಆಮೇಲೆ ವಾರ್ಡಿಗೆ ಕರೆದೊಯ್ದರು. ಅಲ್ಲಿ, ಹಾಸಿಗೆಗಳ ಪಕ್ಕದಲ್ಲಿ, ನಮ್ಮ ಪಂಪುಗಳು! ಹಸಿರು ದೀಪ ಬೆಳಗುತ್ತಿತ್ತು. ಕನ್ನಡದ ಚೀಟಿಗಳು ಹೊಳೆಯುತ್ತಿದ್ದವು. ಅಷ್ಟು ದೂರದ ನಾಡಿನಲ್ಲಿ ನಮ್ಮ ಲಿಪಿಯನ್ನು ಕಂಡು ನನ್ನ ಕಣ್ಣು ತುಂಬಿತು. ಫೋಟೋ ತೆಗೆದು, ಪಂಪು ಓಡುತ್ತಿದೆಯೆಂದು ಬರೆದು, ಆಗಲೇ ಸಂಘದ ವಾಟ್ಸಾಪ್ ಗುಂಪಿಗೆ ಕಳಿಸಿದೆ. ನಿಮಿಷಗಳಲ್ಲಿ ಕೈಮುಗಿದ ಚಿತ್ರಗಳ ಸುರಿಮಳೆಯಾಯಿತು. "ಎರಡನೇ ಕಂತು ಈ ತಿಂಗಳೇ ಹೊರಡಲಿ" ಎಂದು ಅಧ್ಯಕ್ಷರು ಬರೆದರು. ಅಂಕಲ್ ಬಾಗಿಲ ಬಳಿ ನಿಂತು ಎಲ್ಲವನ್ನೂ ನೋಡುತ್ತಿದ್ದರು. 

ಮರುದಿನ ಬೆಳಿಗ್ಗೆ ಅವರು ನನ್ನನ್ನು ಮುಂಬಾಗಿಲಿನಿಂದ ಕರೆದೊಯ್ಯಲಿಲ್ಲ. ಸೈಕಲ್ ನಿಲ್ಲಿಸುವ ಕಡೆಯಿಂದ, ಅಡುಗೆಮನೆಯ ಪಕ್ಕದ ಬಾಗಿಲಿನಿಂದ ಒಳಗೆ ಹೋದೆವು. ಅದೇ ವಾರ್ಡು, ಅದೇ ರೋಗಿಗಳು. ಪಂಪುಗಳಿರಲಿಲ್ಲ. ಬಾಟಲಿಗಳು ಕೋಲಿಗೆ ತೂಗುತ್ತಿದ್ದವು. ನರ್ಸ್ ಒಬ್ಬಳು ಗಡಿಯಾರ ನೋಡುತ್ತಾ ತೊಟ್ಟುಗಳನ್ನು ಬೆರಳಿನಲ್ಲಿ ಎಣಿಸುತ್ತಿದ್ದಳು.

"ಪಂಪು?" ಎಂದೆ.

ಅಂಕಲ್ ಉಗ್ರಾಣದ ಬಾಗಿಲು ತೆರೆದರು. ಹದಿನಾಲ್ಕೂ ಅಲ್ಲಿದ್ದವು. ಒಂದೊಂದರ ಮೇಲೂ ಕೈಮಗ್ಗದ ಬಟ್ಟೆ ಹೊದಿಸಿತ್ತು. ಒಂದು ಚೂರು ಧೂಳಿರಲಿಲ್ಲ. ನಾವು ಕಳಿಸಿದ ನಳಿಕೆಗಳು ಮೊದಲ ಕೆಲವು ವಾರಗಳಲ್ಲೇ ಮುಗಿದಿದ್ದವು. ಕಂಪನಿ ಆ ನಳಿಕೆಯ ತಯಾರಿಕೆಯನ್ನೇ ನಿಲ್ಲಿಸಿತ್ತು. ಪರ್ತಿನ ಚಿಕಿತ್ಸಾಲಯ ಅವುಗಳನ್ನು ನಮಗೆ ಅಷ್ಟು ಸಂತೋಷದಿಂದ ಕೊಟ್ಟದ್ದೂ ಅದೇ ಕಾರಣಕ್ಕೆ. ನಾನು ಬರುತ್ತೇನೆಂದು ತಿಳಿದು ಆಸ್ಪತ್ರೆಯವರು ಮೊದಲ ದಿನ ಅವುಗಳನ್ನು ಹೊತ್ತು ತಂದು ಹಾಸಿಗೆಗಳ ಪಕ್ಕ ನಿಲ್ಲಿಸಿ, ಸ್ವಿಚ್ ಹಾಕಿದ್ದರು.

ನನಗೆ ಸಿಟ್ಟು ಬಂತು. "ಇದು ಮೋಸ ಅಲ್ವಾ ಅಂಕಲ್? ಕೆಲಸ ಮಾಡ್ತಿಲ್ಲ ಅಂತ ಒಂದು ಇಮೇಲ್ ಹಾಕೋಕೆ ಏನಾಗಿತ್ತು ಇವರಿಗೆ?"

"ಮೆಲ್ಲಗೆ ಮಾತಾಡ್ರಿ. ನಿಮ್ಮನೆಗೆ ನಿಮ್ಮವ್ವ ಬಂದ್ರೆ, ಅವರು ಕೊಟ್ಟ ಸೀರೇನೇ ಉಟ್ಕೊಂಡು ಬಾಗ್ಲು ತೆಗೀತಾಳೋ ಇಲ್ವೋ ನಿಮ್ಮ ಹೆಂಡ್ತಿ?"

"ಅದು ಬೇರೆ..."

"ಏನು ಬೇರೆ? ಬಣ್ಣ ಇಷ್ಟ ಇಲ್ಲ ಅಂತ ಯಾವತ್ತಾದ್ರೂ ನಿಮ್ಮವ್ವನಿಗೆ ಹೇಳ್ಯಾಳಾ? ಇವರೂ ಹೇಳಂಗಿಲ್ಲ. ಕೊಟ್ಟವ್ರಿಗೆ ಬೇಡ ಅನ್ನೋದು ಇವರ ಬಾಯಾಗೆ ಬರಂಗಿಲ್ಲ. ನೀವು ಇನ್ನೊಂದು ಕಂಟೇನರ್ ಕಳಿಸಿದ್ರೆ ಕೈ ಮುಗಿದು ತಗೋತಾರೆ. ಈ ರೂಮು ತುಂಬುತ್ತೆ. ಆಮೇಲೆ ಆ ವರಾಂಡಾ ತುಂಬುತ್ತೆ. ಆಮೇಲೆ ಮಣಿವನ್ ಕೆಲಸ ಏನು ಗೊತ್ತಾ? ನಿಮ್ಮ ಪಂಪು ಒರೆಸೋದು."

ಆ ಉಗ್ರಾಣದಲ್ಲಿ ನಮ್ಮದಷ್ಟೇ ಅಲ್ಲ, ಬೇರೆ ಬೇರೆ ದೇಶಗಳ ಬೇರೆ ಬೇರೆ ಸದುದ್ದೇಶಗಳು ಸಾಲಾಗಿ ಬಟ್ಟೆ ಹೊದ್ದು ಕುಳಿತಿದ್ದವು. ನಾನು ಒಂದೊಂದನ್ನೇ ತೆರೆದು ನೋಡಿದೆ. 

ಅಂದು ಮಧ್ಯಾಹ್ನ ಅವರು ಮಣಿವನ್ ಜೊತೆ ಕುಳಿತು ಆಮ್ಲಜನಕದ ಯಂತ್ರವೊಂದನ್ನು ಬಿಚ್ಚಿಸುತ್ತಿದ್ದಾಗ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಅವರು ಏನನ್ನೂ ಮುಟ್ಟುತ್ತಿರಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತಿದ್ದರು. ಸಂಜೆ ನದಿಯ ದಂಡೆಯ ಮೇಲೆ, ಊರಿನ ಹೆಂಗಸರು ಸಂಗೀತಕ್ಕೆ ಸರಿಯಾಗಿ ವ್ಯಾಯಾಮ ಮಾಡುತ್ತಿದ್ದ ಕಡೆ ಬೆಂಚಿನಲ್ಲಿ ಕುಳಿತಾಗ, ಅವರೇ ಬಲಗೈಯನ್ನು ಮುಂದೆ ಚಾಚಿ ತೋರಿಸಿದರು. ಬೆರಳುಗಳು ನಡುಗುತ್ತಿದ್ದವು.

"ಎರಡು ವರ್ಷ ಆತು. ಗ್ಯಾರೇಜಿನಾಗೆ ನಿಮಗೆಲ್ಲಾ ಸ್ಕ್ರೂ ಹಿಡ್ಕೋರಿ ಅಂದ್ರೆ ನಡೀತಿತ್ತು. ಇಲ್ಲಿ ನಡೆಯಂಗಿಲ್ಲ. ಇದೇ ಕೊನೇ ಸಲ ನಾನು ಬರೋದು. ಮಗಳು ಅಡಿಲೇಡಿಗೆ ಬಾ ಅಂತ ಕುಂತಾಳೆ."

"ಮಣಿವನ್ ಚೆನ್ನಾಗಿ ಕಲ್ತಿದಾರಲ್ಲ ಅಂಕಲ್, ನೋಡ್ಕೊಳ್ತಾರೆ" ಎಂದೆ.

"ಕೈ ಕಲ್ತಾಳೆ. ನನಗಿಂತ ಚೊಲೊ ಕೈ ಅವಳದು. ಬಾಯಿ ಕಲ್ತಿಲ್ಲ. ಎಂಟು ವರ್ಷದಿಂದ ಕೇಳ್ತಾ ಇದೀನಿ: ಇದ್ರಾಗೆ ಯಾವುದು ಬೇಡ ಹೇಳು, ಯಾವುದು ಕಸ ಹೇಳು. ಎಲ್ಲಾ ಚೆನ್ನಾಗೈತೆ ಆಚಾನ್ ಅಂತಾಳೆ. ನಾನಿದ್ದಾಗ ಕಸ ನಾನೇ ತಡೀತಿದ್ದೆ. ನಾನು ಹೋದ್ಮೇಲೆ ಕಳಿಸೋರು ಕಳಿಸ್ತಾ ಇರ್ತಾರೆ, ಇವಳು ಒರೆಸ್ತಾ ಇರ್ತಾಳೆ. ಕಲ್ತಿದ್ದೆಲ್ಲಾ ಮಣ್ಣು."

ಅವರು ನನ್ನನ್ನು ಕರೆತಂದ ಕಾರಣ ಆಗ ತಿಳಿಯಿತು. ನಮ್ಮ ಎರಡನೆಯ ಕಂತನ್ನು ನಿಲ್ಲಿಸುವುದು ಮೊದಲ ಕೆಲಸ. ಅದಕ್ಕಿಂತ ಕಷ್ಟದ್ದು, ಆ ಸಂಕೋಚದ ಹೆಣ್ಣುಮಗಳ ಬಾಯಿಂದ "ಬೇಡ" ಎಂಬ ಒಂದು ಶಬ್ದವನ್ನು ಹೊರಡಿಸುವುದು. ಅದಾಗದಿದ್ದರೆ ಅವರ ಅಷ್ಟೂ ವರ್ಷಗಳ ಕೆಲಸ ಆ ಉಗ್ರಾಣದಲ್ಲೇ ಮುಚ್ಚಿಹೋಗುತ್ತಿತ್ತು.

ಹೊರಡುವ ಮುನ್ನ ನಾನೂ ಪ್ರಯತ್ನಿಸಿದೆ. ಸಂಘದ ಎರಡನೆಯ ಕಂತಿನ ಚಿತ್ರಗಳನ್ನು ಮಣಿವನ್‌ಗೆ ತೋರಿಸಿ, "ಇದರಲ್ಲಿ ಯಾವುದು ನಿಮಗೆ ಬೇಕಾಗಿಲ್ಲ?" ಎಂದು ಕೇಳಿದೆ. ಆಕೆ ಪ್ರತಿಯೊಂದನ್ನೂ ಗಮನವಿಟ್ಟು ನೋಡಿ, ಕೈ ಜೋಡಿಸಿ, "ಎಲ್ಲಾ ಬಹಳ ಒಳ್ಳೇದು. ಪರ್ತ್ ಬಹಳ ಒಳ್ಳೇದು" ಎಂದಳು. ಅಂಕಲ್ ನನ್ನತ್ತ ನೋಡಿ ಅವಳ ಮಂಡಕ್ಕಿಯನ್ನೇ ಒಂದಿಷ್ಟು ಬಾಯಿಗೆ ಹಾಕಿಕೊಂಡರು.

ಪರ್ತಿಗೆ ಮರಳಿದ ಮೇಲೆ ಭಾನುವಾರ ಮಧ್ಯಾಹ್ನ ಸಭೆ ಕರೆದೆವು. ನಾನು ಹನ್ನೆರಡು ಪುಟಗಳ ಭಾಷಣ ಸಿದ್ಧಪಡಿಸಿದ್ದೆ. ಮೊದಲ ಪುಟ ಮುಗಿಯುವಷ್ಟರಲ್ಲಿ ಅಧ್ಯಕ್ಷರು ತಡೆದರು.

"ಏನಪ್ಪಾ ಇದು? ಫೋಟೋ ಕಳಿಸಿದ್ದು ನೀನೇ. ಪಂಪು ಓಡ್ತಿದೆ ಅಂತ ಬರೆದಿದ್ದೂ ನೀನೇ. ಈಗ ಓಡ್ತಿಲ್ಲ ಅಂತೀಯ. ಜನಕ್ಕೆ ಏನು ಹೇಳೋಣ?"

"ತಪ್ಪಾಗಿತ್ತು ಸರ್ ಅಂತ ಹೇಳೋಣ."

"ಎಲ್ಲಾ ರೆಡಿ ಆಗಿದೆ. ಹೋಗ್ಲಿ ಬಿಡು, ಕೊಡೋದು ಕೊಡೋಣ. ಏನೂ ಇಲ್ಲದವರಿಗೆ ಏನೋ ಒಂದು ಸಿಕ್ಕಿದ ಹಾಗಾಯ್ತು."

ಹಲವರು ತಲೆದೂಗಿದರು. ನಾನು ಎರಡನೆಯ ಪುಟ ತಿರುವುತ್ತಿದ್ದೆ. ಅಂಕಲ್ ಬಾಗಿಲ ಬಳಿಯಿಂದ ಎದ್ದು ಬಂದರು. ನನ್ನ ಗ್ಯಾರೇಜಿನ ಪೆಟ್ಟಿಗೆಯೊಂದರಿಂದ ತಂದಿದ್ದ ಪಂಪನ್ನು ಮೇಜಿನ ಮೇಲಿಟ್ಟು, ತಂತಿಯನ್ನು ಗೋಡೆಗೆ ಚುಚ್ಚಿದರು. ಪಕ್ಕದಲ್ಲಿ ನೀರು ತುಂಬಿದ ಬಾಟಲಿಯೊಂದನ್ನು ಇಟ್ಟರು.

"ಇಲ್ಲಿ ಏಳು ಜನ ಡಾಕ್ಟ್ರು ಇದೀರಿ. ಯಾರಾದ್ರೂ ಒಬ್ರು ಬಂದು ಈ ನೀರು ಒಂದು ತೊಟ್ಟು ಹರಿಸಿ ತೋರಿಸ್ರಿ. ನಾನು ಸುಮ್ಮನಾಗ್ತೀನಿ."

ತೀವ್ರನಿಗಾ ಘಟಕದ ವೈದ್ಯೆಯೊಬ್ಬರು ಎದ್ದು ಬಂದರು. ಪಂಪಿನ ಬಾಗಿಲು ತೆರೆದರು, ಒಳಗೆ ನೋಡಿದರು, ಪೆಟ್ಟಿಗೆಯೊಳಗೆ ಕೈ ಹಾಕಿ ತಡಕಿದರು. "ಇದರ ನಳಿಕೆ ಸೆಟ್ ಎಲ್ಲಿ ಅಂಕಲ್?" ಎಂದರು.

"ಅದನ್ನೇ ಆ ಹೆಣ್ಮಗಳೂ ಕೇಳ್ಬೇಕಿತ್ತು. ಕೇಳ್ಲಿಲ್ಲ. ಮರ್ಯಾದಸ್ಥಳು."

ವೈದ್ಯೆ ಅಧ್ಯಕ್ಷರ ಕಡೆ ತಿರುಗಿ, "ಸರ್, ಇದು ಆಗಲ್ಲ" ಎಂದರು. ನನ್ನ ಉಳಿದ ಪುಟಗಳನ್ನು ನಾನು ಓದಲಿಲ್ಲ. ಎರಡನೆಯ ಕಂತು ನಿಂತಿತು. ಅಧ್ಯಕ್ಷರು ನನ್ನೊಡನೆ ಕೆಲವು ತಿಂಗಳು ಮಾತು ಬಿಟ್ಟರು. ಸುದ್ದಿ ತಿಳಿದ ಬ್ರಿಸ್ಬೇನ್‌ನ ಗೆಳೆಯರು, ನಿಮಗೆ ಬೇಡವಾದರೆ ನಮಗೆ ಕೊಡಿ, ನಾವು ಬೇರೆ ದೇಶಕ್ಕೆ ಕಳಿಸುತ್ತೇವೆ ಎಂದು ಕೇಳಿದರು. ಅವರೊಡನೆ ಅಂಕಲ್ ಒಂದು ಗಂಟೆ ಫೋನಿನಲ್ಲಿ ಮಾತಾಡಿದರು. ಬ್ರಿಸ್ಬೇನಿನವರು ಮತ್ತೆ ಕೇಳಲಿಲ್ಲ.

ಆಮೇಲೆ ಅವರು ಅಡಿಲೇಡಿಗೆ ಹೋದರು. ಅಲ್ಲಿಂದ ಪ್ರತಿ ಶನಿವಾರ ಫೋನಿನ ಪರದೆಯಲ್ಲಿ ಮಣಿವನ್ ಜೊತೆ ಕುಳಿತು, ಉಗ್ರಾಣದ ಒಂದೊಂದೇ ಯಂತ್ರವನ್ನು ಬಿಚ್ಚಿಸತೊಡಗಿದರು. ಅವಳ ಪುಸ್ತಕದಲ್ಲಿ ಮೂರು ಅಂಕಣ ಹಾಕಿಸಿದ್ದರು: ಓಡುವವು, ಬಿಡಿಭಾಗಕ್ಕೆ ಆಗುವವು, ಎಸೆಯುವವು. ಮೊದಲೆರಡು ತುಂಬುತ್ತಾ ಹೋದವು. ಮೂರನೆಯದು ತಿಂಗಳುಗಟ್ಟಲೆ ಖಾಲಿ ಉಳಿಯಿತು. ಆಕೆ ಕೇಳಿದ್ದನ್ನು ಮಾತ್ರ ಸಂಘದಿಂದ ಕಳಿಸುವುದೆಂದು ನಿರ್ಧರಿಸಿದ್ದೆವು. ಮೊದಲು ಆಕೆ ಏನನ್ನೂ ಕೇಳಲಿಲ್ಲ. ಬಹಳ ದಿನದ ಮೇಲೆ ಆಮ್ಲಜನಕದ ಯಂತ್ರಕ್ಕೆ ಒಂದು ಬಗೆಯ ಫಿಲ್ಟರ್ ಕೇಳಿದಳು, ಕಳಿಸಿದೆವು. ಆಮೇಲೆ ಎರಡು ಸ್ಕ್ರೂಡ್ರೈವರ್. ಆಮೇಲೆ ವಿದ್ಯುತ್ ಅಳೆಯುವ ಒಂದು ಮೀಟರ್, ಯಾವ ಮಾದರಿ ಎಂಬುದನ್ನೂ ಬರೆದು.

ಈ ವರ್ಷ ನಾನೊಬ್ಬನೇ ಹೋದೆ. ಮುಂಬಾಗಿಲಿನಿಂದ ಹೋಗಲಿಲ್ಲ. ಆಕೆ ಕೇಳಿದ್ದ ಬಿಡಿಭಾಗಗಳ ಜೊತೆಗೆ, ಬರಿಗೈಯಲ್ಲಿ ಹೋದಂತಾಗಬಾರದೆಂದು, ನನ್ನ ಕಡೆಯಿಂದ ಹೊಸದಾದ ಆರು ರಕ್ತದೊತ್ತಡದ ಯಂತ್ರಗಳನ್ನೂ ಒಯ್ದಿದ್ದೆ. ಹಳೆಯವಲ್ಲ, ನಳಿಕೆಯ ತೊಂದರೆಯಿಲ್ಲ, ಮಾರುಕಟ್ಟೆಯಲ್ಲಿ ಸಿಗುವ ಬ್ಯಾಟರಿಯಲ್ಲೇ ನಡೆಯುವಂಥವು. ನಾನು ಪಾಠ ಕಲಿತಿದ್ದೇನೆಂಬ ಸಣ್ಣ ಹೆಮ್ಮೆಯೂ ಇತ್ತು. ನಿರ್ದೇಶಕರ ಕೋಣೆಯಲ್ಲಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟೆ. ನಿರ್ದೇಶಕರು ಎದ್ದು ಎರಡೂ ಕೈ ಜೋಡಿಸಿದರು.

ಮಣಿವನ್ ಪೆಟ್ಟಿಗೆ ತೆರೆದು, ತೋಳಿಗೆ ಸುತ್ತುವ ಪಟ್ಟಿಯನ್ನು ಹೊರತೆಗೆದು, ತನ್ನ ತೋಳಿಗೆ ಸುತ್ತಿಕೊಂಡಳು. ಅದು ಎರಡು ಸುತ್ತು ಬಂದೂ ಸಡಿಲವಾಗಿ ಜಾರಿತು. ಪಕ್ಕದಲ್ಲಿದ್ದ ನರ್ಸಿನ ತೋಳಿಗೆ ಸುತ್ತಿದಳು, ಅಲ್ಲಿಯೂ ಜಾರಿತು. ಆಸ್ಟ್ರೇಲಿಯಾದ ತೋಳಿನ ಅಳತೆಯನ್ನು ನಾನು ವಿಯೆಂಟಿಯಾನ್‌ಗೆ ಹೊತ್ತು ತಂದಿದ್ದೆ.

"ದೊಡ್ಡದು" ಎಂದಳು. "ತಪ್ಪು ನಂಬರ್ ತೋರಿಸುತ್ತೆ. ತಪ್ಪು ನಂಬರ್ ನೋಡಿ ಡಾಕ್ಟರ್ ತಪ್ಪು ಔಷಧಿ ಕೊಡ್ತಾರೆ."

ನಿರ್ದೇಶಕರ ಮುಖ ಕೆಂಪಾಯಿತು. ಆತುರಾತುರವಾಗಿ ನಕ್ಕು, "ಇಲ್ಲ ಇಲ್ಲ, ನಮಗೆ ಬಹಳ ಸಂತೋಷ, ಇಟ್ಟುಕೊಳ್ಳುತ್ತೇವೆ" ಎಂದು ಪೆಟ್ಟಿಗೆಯತ್ತ ಕೈ ಚಾಚಿದರು. ಮಣಿವನ್ ಒಂದು ಕ್ಷಣ ನೆಲ ನೋಡಿದಳು. ಅವಳ ಕಿವಿಯವರೆಗೂ ರಕ್ತ ಏರಿದ್ದು ನನಗೆ ಕಾಣುತ್ತಿತ್ತು. ಅವಳು ನಿರ್ದೇಶಕರಿಗಿಂತ ಮೊದಲು ಮುಚ್ಚಳ ಮುಚ್ಚಿ ಪೆಟ್ಟಿಗೆಯನ್ನು ನನ್ನ ಕಡೆಗೆ ತಳ್ಳಿ, "ಬೇಡ. ವಾಪಸ್ ತಗೊಂಡು ಹೋಗಿ" ಎಂದಳು.

ಹೊರಗೆ ಬಂದು ಅಡಿಲೇಡಿಗೆ ಫೋನ್ ಮಾಡಿದೆ. ನಡೆದದ್ದನ್ನು ಹೇಳಿದೆ. 

"ಬೇಡ ಅಂದ್ಳಾ?"

"ಹೂಂ ಅಂಕಲ್."

"ಡೈರೆಕ್ಟರ್ ಎದುರಿಗೇನಾ?"

"ಎದುರಿಗೇ. ಅವರು ಇಟ್ಕೊಳ್ತೀವಿ ಅಂತಿದ್ದರೂ."

"ನಗ್ತಾ ಅಂದ್ಳಾ, ಸುಮ್ನೆ ಅಂದ್ಳಾ?"

"ನಗಲಿಲ್ಲ ಅಂಕಲ್. ಮುಖಕ್ಕೆ ಹೊಡೆದ ಹಾಗೇ ಅಂದ್ಬಿಟ್ಟರು."

ಆಮೇಲೆ ತುಸು ಅನುಮಾನದಿಂದ ಕೇಳಿದರು: "ನೀವೇನ್ ಮಾಡಿದ್ರಿ ವಕೀಲ್ರೇ? ವಾದಕ್ಕೆ ನಿಂತ್ರೇನು?"

"ಇಲ್ಲ ಅಂಕಲ್. ಬಾಕ್ಸ್ ತಗೊಂಡು ಆಚೆ ಬಂದೆ."

"ಹಂಗಾದ್ರೆ ಇಬ್ಬರೂ ಪಾಸು" ಎಂದು ಫೋನ್ ಇಟ್ಟುಬಿಟ್ಟರು.